ಸುರಂಗದಜ್ಜ

ಊರಿಂದ ಯಾರೇ ಬರಲಿ, ಯುಂಗ್‌ಫ್ರೌ ಹಿಮಬೆಟ್ಟದ ಕಡೆ ರೈಲಿನಲ್ಲಿ ಕರೆದುಕೊಂಡು ಹೋಗಲೇಬೇಕು. ಇಲ್ಲಾಂದ್ರೆ ಅವರು ಸ್ವಿಟ್ಜರ್ಲೆಂಡಿಗೆ ಬಂದಿದ್ದು ಲೆಕ್ಕಕ್ಕೇ ಇಲ್ಲ. ಹೋದ ತಿಂಗಳು ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ನನಗೆ ಇದು ಐದನೇ ಸಲ. ಟಿಕೆಟ್ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಬೇಡಿ ಅಂತ ಮೊದಲೇ ಹೇಳಿದ್ದೆ. ಚಿಕ್ಕಪ್ಪ ಹಾಕಿದರು. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ಐಗರ್‌ಗ್ಲೆಟ್ಷರ್ ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೇ ರೈಲು ಐಗರ್ ಬೆಟ್ಟದ ಹೊಟ್ಟೆಯೊಳಗೆ ನುಗ್ಗುತ್ತದೆ. ಅಲ್ಲಿಂದ ಮೇಲಿನವರೆಗೆ ಸುಮಾರು 7 ಕಿಲೋಮೀಟರ್ ಸುರಂಗ. ಹಳಿಗಳ ನಡುವೆ ಹಲ್ಲಿನ ಪಟ್ಟಿಯೊಂದಿದೆ, ರೈಲಿನ ಅಡಿಯ ಚಕ್ರ ಅದನ್ನು ಕಚ್ಚಿ ಕಚ್ಚಿ ಹತ್ತುತ್ತದೆ. ಕಡಿದಾದ ಕಡೆ ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಬೋಗಿಯಲ್ಲಿ ಒಬ್ಬರೂ ಉಸಿರೆತ್ತುವುದಿಲ್ಲ, ಲೈಬ್ರರಿಯಲ್ಲಿ ಕೂತಹಾಗೆ.

ಅಷ್ಟರಲ್ಲಿ ಚಿಕ್ಕಪ್ಪ "ಹೋ...ಯ್" ಅಂತ ಕೂಗಿಬಿಟ್ಟರು.

ಎದುರಿಗಿದ್ದ ಹೆಂಗಸು ಬೆಚ್ಚಿಬಿದ್ದರು. ನನಗೆ ಸೀಟಿನ ಕೆಳಗೆ ಸೇರಿಕೊಳ್ಳೋಣ ಅನ್ನಿಸಿತು. ಚಿಕ್ಕಪ್ಪ ಮಾತ್ರ ನಗುತ್ತಾ, "ಸುರಂಗ ಬಂದ್ರೆ ಬಾಯಿ ತಾನೇ ತೆರ್ಕೊಳುತ್ತೆ ಕಣೇ" ಅಂದರು. ಮಗಳಿಗೆ ಒಂಬತ್ತು ವರ್ಷ, ಅವಳಿಗೆ ಅಷ್ಟು ಸಾಕು. ಅವಳೂ ಕೂಗಿದಳು. ಚಿಕ್ಕಮ್ಮ ಇಬ್ಬರ ಬಾಯಿಗೂ ಒಂದೊಂದು ಕೋಡುಬಳೆ ತುರುಕಿ ಸುಮ್ಮನಾಗಿಸಿದರು.

ಸಕಲೇಶಪುರದವರಿಗೆ ಇದನ್ನು ವಿವರಿಸಬೇಕಿಲ್ಲ. ನಾವು ಸುಬ್ರಹ್ಮಣ್ಯಕ್ಕೆ ಹೋಗುತ್ತಿದ್ದುದೇ ಆ ಘಾಟಿಯ ಮೀಟರ್ ಗೇಜ್ ರೈಲಿನಲ್ಲಿ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. 57 ಸುರಂಗ, ಒಂದೊಂದಕ್ಕೂ ಒಂದು ಕೂಗು. ಊರು ಮುಟ್ಟುವಷ್ಟರಲ್ಲಿ ಗಂಟಲು ಬಿದ್ದುಹೋಗಿರುತ್ತಿತ್ತು.

ಮೇಲೆ ಇಳಿದಾಗ 3,454 ಮೀಟರ್. ಇದು ಯುಂಗ್‌ಫ್ರೌ ಶಿಖರ ಅಲ್ಲ, ಅದು 4,158 ಮೀಟರ್, ಇನ್ನೂ ಮೇಲಿದೆ. ರೈಲು ನಿಲ್ಲುವುದು ಅದಕ್ಕೂ ಪಕ್ಕದ ಮ್ಯೋಂಖ್ ಬೆಟ್ಟಕ್ಕೂ ನಡುವಿನ ತಗ್ಗಿನಲ್ಲಿ. ಹೆಸರು ಯುಂಗ್‌ಫ್ರೌಯೋಖ್. ಯೋಖ್ ಅಂದರೆ ನೊಗ. ಎರಡು ಎತ್ತುಗಳ ಹೆಗಲ ಮೇಲೆ ಇಟ್ಟಹಾಗೇ ಕಾಣುತ್ತದೆ ಕೂಡ. ಇದನ್ನು ಹೇಳಿದಾಗ ಚಿಕ್ಕಪ್ಪನಿಗೆ ಹಿಮಕ್ಕಿಂತ ಜಾಸ್ತಿ ಖುಷಿಯಾಯಿತು. ಕೆಳಗೆ ಅಲೆಚ್ ಹಿಮನದಿ, ಆಲ್ಪ್ಸ್‌ನಲ್ಲೇ ಉದ್ದದ್ದು. ಎಲ್ಲರೂ ನೋಡಿದೆವು, ಫೋಟೋ ಆಯಿತು, ಮೂಗು ಕೆಂಪಾಯಿತು.

ಒಳಗಿನ ದಾರಿಯಲ್ಲಿ ರೈಲಿನ ಕಥೆ ಹೇಳುವ ಜಾಗವೊಂದಿದೆ. ಆಡೊಲ್ಫ್ ಗೂಯರ್-ಝೆಲ್ಲರ್ ಅನ್ನುವ ಉದ್ಯಮಿಗೆ 1893ರಲ್ಲಿ ಮಗಳ ಜೊತೆ ಬೆಟ್ಟ ಸುತ್ತುವಾಗ ಇದು ಹೊಳೆಯಿತಂತೆ. 1896ರಲ್ಲಿ ಕೆಲಸ ಶುರು. ಏಳು ವರ್ಷ ಸಾಕು ಅಂದುಕೊಂಡಿದ್ದರು, ಹಿಡಿದದ್ದು ಹದಿನಾರು. 1899ರಲ್ಲಿ ಸ್ಫೋಟವೊಂದರಲ್ಲಿ ಆರು ಕೆಲಸಗಾರರು ಸತ್ತರು. ಅದೇ ವರ್ಷ ಕೆಲಸಗಾರರು ಮುಷ್ಕರ ಹೂಡಿದರು, ಗೂಯರ್-ಝೆಲ್ಲರ್ ಕೂಡ ತೀರಿಕೊಂಡರು. ರೈಲು ಮೇಲೆ ಮುಟ್ಟಿದ್ದು 1912ರ ಆಗಸ್ಟ್ 1ರಂದು. ಬಂಡೆ ಒಡೆದವರು ಹೆಚ್ಚಿನವರು ಇಟಲಿಯಿಂದ ಕೂಲಿಗೆ ಬಂದವರು.

ಚಿಕ್ಕಪ್ಪ ನಿಟ್ಟುಸಿರು ಬಿಟ್ಟು, "ನೂರು ವರ್ಷದ ಹಿಂದೆ! ನಮ್ಮವರ ಕೈಲಿ ಆಗುತ್ತಾ ಇದೆಲ್ಲ?" ಅಂದರು. ಈಗಷ್ಟೇ ಸುರಂಗದಲ್ಲಿ ಕೂಗಿದ ಮನುಷ್ಯ ಇವರೇ. ಹೊರದೇಶಕ್ಕೆ ಬಂದ ಕೂಡಲೇ ನಮ್ಮವರಿಗೆ ಈ ಮಾತು ಹೇಗೆ ಬಾಯಿಗೆ ಬರುತ್ತದೋ! ನನಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮ ಘಾಟಿಯ ಮಳೆ, ಕುಸಿಯುವ ಮಣ್ಣು, ಆ ಸೇತುವೆಗಳು... ಅದೇನು ಸುಲಭದ ಕೆಲಸವಾ?

ಮಗಳು ನಮ್ಮ ಮಾತು ಕೇಳುತ್ತಿರಲಿಲ್ಲ. ಗೋಡೆಯ ಮೇಲಿದ್ದ ಹೆಸರುಗಳಿಗೆ ಬೆರಳಿಟ್ಟು ಓದುತ್ತಿದ್ದಳು. ರೈಲು ಕಟ್ಟುವಾಗ ಸತ್ತವರ ಹೆಸರುಗಳು. ನಾಲ್ಕು ಸಲ ಬಂದಾಗಲೂ ನಾನು ಆ ಗೋಡೆಯ ಮುಂದೆ ನಿಂತಿರಲಿಲ್ಲ. ಬಂದವರಿಗೆ ಚಳಿ, ಹಸಿವು, ವಾಪಸ್ ರೈಲಿನ ಗಡಿಬಿಡಿ.

"ಅಮ್ಮಾ, ನಿಮ್ಮೂರಿನ ಸುರಂಗ ಮಾಡಿದವರ ಹೆಸರು ಏನು?"

"ತುಂಬಾ ಜನ ಪುಟ್ಟಾ."

"ಒಬ್ಬರದ್ದು ಹೇಳು."

ಒಬ್ಬರು ಗೊತ್ತಿದ್ದರು. ಸುರಂಗದಜ್ಜ. ಘಾಟಿ ಕೆಲಸಕ್ಕೆ ತಮಿಳುನಾಡಿನ ಕಡೆಯಿಂದ ಬಂದು, 1979ರಲ್ಲಿ ಲೈನು ಶುರುವಾದ ಮೇಲೂ ಊರಿಗೆ ಹೋಗದೆ ಉಳಿದವರು. ನಾನು ಶಾಲೆಗೆ ಹೋಗುವಾಗ ನಮ್ಮ ಬೀದಿಯಲ್ಲಿ ಸೌದೆ ಒಡೆಯುತ್ತಿದ್ದರು. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಕೇಳಿದರೆ "ಹದಿನೇಳನೇ ನಂಬರಲ್ಲಿ ಬಿಟ್ಟು ಬಂದೆ" ಅನ್ನುತ್ತಿದ್ದರು, ಕೊಡೆ ಮರೆತು ಬಂದವರ ಹಾಗೆ. ಆಮೇಲೆ ರೈಲಿನಲ್ಲಿ ಹೋದಾಗಲೆಲ್ಲ ಹದಿನೇಳನೇ ಸುರಂಗ ಬಂದರೆ ನಾನು ಕೂಗುತ್ತಿರಲಿಲ್ಲ. ಕಿಟಕಿಯಿಂದ ಬೆರಳು ಕಾಣುತ್ತೇನೋ ಅಂತ ಇಣುಕುತ್ತಿದ್ದೆ.

"ಸುರಂಗದಜ್ಜ ಹೆಸರಲ್ಲ ಅಲ್ವಾ ಅಮ್ಮಾ" ಅಂದಳು ಮಗಳು.

ಚಿಕ್ಕಪ್ಪನ ಮುಖ ನೋಡಿದೆ. "ನಮ್ಮನೇಲಿ ಎಷ್ಟು ವರ್ಷ ಸೌದೆ ಒಡೆದ ಆ ಮನುಷ್ಯ! ಬೀಡಿ ಯಾವುದು ಸೇದ್ತಿದ್ದ ಅಂತ ಕೂಡ ಹೇಳ್ತೀನಿ" ಅಂದರು. ಹೆಸರು ಬರಲಿಲ್ಲ. ಇಳಿಯುವಾಗ ಸುರಂಗದುದ್ದಕ್ಕೂ ಯೋಚಿಸುತ್ತಲೇ ಇದ್ದರು. ಈ ಸಲ ಕೂಗಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ.

"ಸುರಂಗದಜ್ಜನಾ? ಅಯ್ಯೋ ಪಾಪ, ಕಾಫಿಗೆ ಮೂರು ಚಮಚ ಸಕ್ಕರೆ ಬೇಕು ಅವನಿಗೆ. ಹೆಸರು... ತಡಿ, ಕೇಳೇ ಇಲ್ಲ ನೋಡು ನಾನು. ಸೌದೆ ಡಿಪೋದವರಿಗೆ ಗೊತ್ತಿರಬಹುದು. ಡಿಪೋ ಎಲ್ಲಿದೆ ಈಗ, ಮುಚ್ಚಿಹೋಯ್ತಲ್ಲ. ಇರು, ಯಾರನ್ನಾದ್ರೂ ವಿಚಾರಿಸ್ತೀನಿ. ಅಲ್ಲಿ ಚಳಿ ಹೇಗಿದೆ?"

ನಾಲ್ಕು ವಾರ ಆಯಿತು. ಪ್ರತಿ ಭಾನುವಾರ ಫೋನು ಮಗಳ ಕೈಗೆ ಹೋದ ಕೂಡಲೇ ಅವಳು ಕೇಳುವುದು ಒಂದೇ: "ಅಜ್ಜಿ, ಸಿಕ್ತಾ?"