ಕೊಡಗಿನ ಮಳೆಗಾಲ ಮತ್ತು ಕಾಮಿಕ್ ಸ್ಟ್ರಿಪ್ ಮೂಲಚಿತ್ರಗಳು

ಅಮೆರಿಕದ ಹಳೆಯ ಪತ್ರಿಕೆಗಳ ಕಾಮಿಕ್ ಸ್ಟ್ರಿಪ್ ಮೂಲಚಿತ್ರವನ್ನು, ಅಂದರೆ ಅಚ್ಚಿಗೆಂದು ಕಲಾವಿದ ಕೈಯಾರೆ ಬರೆದ ಹಾಳೆಯನ್ನು, ಮಡಿಕೇರಿ ಕಡೆಯ ಮನೆಯಲ್ಲಿ ಇಟ್ಟುಕೊಳ್ಳುವವರು ಮೊದಲು ಗಾಳಿಯ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ಕೊಳ್ಳಿ. ಫ್ರೇಮಿನ ಮಾತು ಆಮೇಲೆ. ತೇವಾಂಶ ಶೇ. 65 ದಾಟಿ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮಲ್ಲಿ ಜೂನ್ ಬಂತೆಂದರೆ ಮುಳ್ಳು ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. 45ರಿಂದ 55ರೊಳಗೆ ಇದ್ದರೆ ಚೆನ್ನ.

ಬ್ರಿಸ್ಟಲ್ ಬೋರ್ಡ್ ಎಂಬ ದಪ್ಪ ಚಿತ್ರಕಾಗದದ ಮೇಲಿನ ಇಂಡಿಯನ್ ಇಂಕ್ ಗಟ್ಟಿ. ಅದು ಕಾರ್ಬನ್, ಬೆಳಕಿಗೆ ಮಾಸುವುದಿಲ್ಲ. ಕೆಡುವುದು ಮೇಲೆ ಅಂಟಿಸಿದ ಚೂರುಗಳು: ಶೀರ್ಷಿಕೆ, ಸಿಂಡಿಕೇಟಿನ (ಪತ್ರಿಕೆಗಳಿಗೆ ಸ್ಟ್ರಿಪ್ ಹಂಚುವ ಸಂಸ್ಥೆಯ) ಕಾಪಿರೈಟ್ ಪಟ್ಟಿ, ತಿದ್ದಿದ ಮಾತುಗಳು. ಇವಕ್ಕೆ ಬಳಸುತ್ತಿದ್ದ ರಬ್ಬರ್ ಸಿಮೆಂಟ್ ವರ್ಷಗಳುರುಳಿದಂತೆ ಕಂದು ಕಲೆಯಾಗಿ ಕಾಗದಕ್ಕೆ ಇಳಿಯುತ್ತದೆ, ಹಿಡಿತವನ್ನೂ ಬಿಡುತ್ತದೆ. ಚೂರು ಉದುರಿದರೆ ಫೆವಿಕಾಲ್ ಹಚ್ಚಲೇಬೇಡಿ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಹಾಕಿ, ಅದು ಯಾವ ಚೌಕದ್ದೆಂದು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಚಿತ್ರದ ಜೊತೆಗೇ ಇಡಿ.

ತಿಳಿನೀಲಿ ಪೆನ್ಸಿಲ್ ಗೆರೆಗಳನ್ನು ಕೊಳೆಯೆಂದು ಅಳಿಸುವವರಿದ್ದಾರೆ. ಅಚ್ಚಿನ ಕ್ಯಾಮೆರಾಕ್ಕೆ ಆ ನೀಲಿ ಕಾಣುತ್ತಿರಲಿಲ್ಲ, ಅದಕ್ಕೇ ಕಲಾವಿದರು ಅದರಲ್ಲಿ ಗೀಚುತ್ತಿದ್ದರು. ಆ ಗೆರೆಯಲ್ಲೇ ಕೈ ಹೇಗೆ ಯೋಚಿಸಿತೆಂಬುದು ಕಾಣುವುದು, ದಯವಿಟ್ಟು ಮುಟ್ಟಬೇಡಿ. ಕಲಾವಿದ ರಾಯ್ ಕ್ರೇನ್ ತಮ್ಮ 'ಬಜ್ ಸಾಯರ್' ಸ್ಟ್ರಿಪ್‌ಗೆ ಬಳಸಿದ ಕ್ರಾಫ್ಟಿಂಟ್ ಎಂಬ ಬೋರ್ಡ್ ಇನ್ನೂ ಸೂಕ್ಷ್ಮ. ರಾಸಾಯನಿಕ ಸವರಿ ಮೂಡಿಸಿದ ಅದರ ಬೂದು ಛಾಯೆ ಕಾಲಕ್ರಮೇಣ ಕಂದಾಗುತ್ತದೆ, ಹಾಗಾಗಿ ಗೋಡೆಗಿಂತ ಡಬ್ಬವೇ ಅದಕ್ಕೆ ವಾಸಿ.

ಭಾನುವಾರದ ಪುಟದ ಮೂಲಚಿತ್ರ ಸಾಮಾನ್ಯವಾಗಿ ಕಪ್ಪು-ಬಿಳುಪು. ಬಣ್ಣದ ಸೂಚನೆ ಬೇರೆ ಪ್ರತಿಯ ಮೇಲೆ ಹೋಗುತ್ತಿತ್ತು. ಬಣ್ಣವಿದ್ದರೆ ಯಾರು ಹಾಕಿದ್ದೆಂದು ವಿಚಾರಿಸಿ. 'ಕ್ರೇಜಿ ಕ್ಯಾಟ್' ಸ್ಟ್ರಿಪ್‌ನ ಕಲಾವಿದ ಜಾರ್ಜ್ ಹೆರಿಮನ್ ಕೆಲವಕ್ಕೆ ತಾವೇ ಬಣ್ಣ ಹಾಕಿ ಉಡುಗೊರೆ ಕೊಟ್ಟದ್ದುಂಟು.

ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ ತನ್ನಿ. 20 ಲೀಟರಿನದಕ್ಕೆ ಸುಮಾರು 400 ಗ್ರಾಂ ಸಿಲಿಕಾ ಜೆಲ್ ಬೇಕು, ತೇವ ಹೀರಿದಂತೆ ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯದು. ಹೈಗ್ರೋಮೀಟರೂ ಒಳಗಿರಲಿ, 40ಕ್ಕಿಂತ ಕೆಳಗಿಳಿದರೆ ಸ್ವಲ್ಪ ಜೆಲ್ ತೆಗೆಯಿರಿ. ಮುಖ್ಯವಾದದ್ದು ಮುಚ್ಚುವ ಸಮಯ: ಕಾಗದ ಒಣಗಿರುವ ಫೆಬ್ರವರಿ, ಮಾರ್ಚ್‌ನಲ್ಲಿ. ಜುಲೈನಲ್ಲಿ ಮುಚ್ಚುವುದೆಂದರೆ ಒಣಗದ ಕಾಫಿಯನ್ನು ಚೀಲಕ್ಕೆ ತುಂಬಿದ ಹಾಗೆ. ಬಣ್ಣ ತಿರುಗಿದ ಜೆಲ್ಲನ್ನು ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಕಾಯಿಸಿ, ಆರಿದ ಮೇಲೆ ಹಾಕಿ.

ಅಷ್ಟಾಗಿಯೂ ಬೂಷ್ಟು ಬಂದರೆ ಹಸಿಯಿರುವಾಗ ಒರೆಸಬೇಡಿ, ಕಲೆ ಒಳಕ್ಕಿಳಿಯುತ್ತದೆ. ಒಲೆಯ ಹತ್ತಿರವೂ ಹೇರ್ ಡ್ರೈಯರ್ ಮುಂದೆಯೂ ಹಿಡಿಯಬೇಡಿ. ಛಾಯೆಗೆಂದು ಅಂಟಿಸಿದ ಜಿಪ್‌ಅಟೋನ್ ಹಾಳೆ ಮುದುರಿ ಎದ್ದುಬಿಡುತ್ತದೆ. ಜೆಲ್ ಇರುವ ಡಬ್ಬದಲ್ಲೇ ಪೂರ್ತಿ ಒಣಗಿಸಿ, ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ಖಾಲಿ ಅಂಚುಗಳನ್ನಷ್ಟೇ ಝಾಡಿಸಿ. ಶಾಯಿ, ತಿದ್ದಲು ಹಚ್ಚಿದ ಬಿಳಿ ಬಣ್ಣ ಇರುವ ಜಾಗ ಸಂರಕ್ಷಣೆ ಬಲ್ಲವರ ಕೆಲಸ.