ಸಿಮೆಂಟು ಉಳಿದಿತ್ತು, ಇಟ್ಟಿಗೆ ಹೋಗಿತ್ತು

ಐರ್ಲೆಂಡಿನ ಕಾರ್ಕ್ ಕೌಂಟಿಯಲ್ಲಿ ಹಳೇ ಕಟ್ಟಡಗಳ ದುರಸ್ತಿ ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಕಾರ್ಕ್ ನಗರದಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಒಂದು ಕೆಂಪು ಇಟ್ಟಿಗೆ ಮನೆ. ಒಳಗೋಡೆ ಯಾವಾಗಲೂ ತೇವ. ಸಂದುಗಳಿಗೆ ಇನ್ನೂ ಗಟ್ಟಿ ಸಿಮೆಂಟು ತುಂಬಿ, ಮೇಲೆ ನೀರು ತಡೆಯುವ ಬಣ್ಣ ಬಳಿಯಬೇಕು ಅಂತ ವರದಿ ಬರೆದೆ.

ನಮ್ಮ ತಂಡದ ಹಿರಿಯ ಗಾರೆ ಮೇಸ್ತ್ರಿ ನನ್ನನ್ನು ಗೋಡೆ ಹತ್ತಿರ ಕರೆದುಕೊಂಡು ಹೋದರು. ಇಟ್ಟಿಗೆ ಮೇಲೆ ಬೆರಳಾಡಿಸಿದರೆ ಪುಡಿ ಉದುರುತ್ತಿತ್ತು. ಸುತ್ತಲಿನ ಸಿಮೆಂಟು ಮಾತ್ರ ಹೊಸದರ ಹಾಗೆ ನಿಂತಿತ್ತು. "ನೀನು ಯಾವುದನ್ನು ಉಳಿಸೋಕೆ ಬಂದಿದ್ದೀಯ?" ಅಂತ ಕೇಳಿದರು.

ಮನೆ ಕಟ್ಟಿದವರು ಹಾಕಿದ್ದು ಸುಣ್ಣದ ಗಾರೆ. ಸಿಮೆಂಟು ಯಾರೋ ಆಮೇಲೆ ಮೆತ್ತಿದ್ದು. ಮಳೆ ನೀರು ಕೂದಲೆಳೆ ಬಿರುಕಲ್ಲೂ ಒಳಗೆ ಹೋಗುತ್ತದೆ. ಸುಣ್ಣವಾದರೆ ಅದು ಸಂದಿನಿಂದಲೇ ಆರಿ ಹೊರಗೆ ಬರುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ಆಗ ನೀರು ಇಟ್ಟಿಗೆಯ ಮೂಲಕವೇ ಹೊರಡಬೇಕು. ಉಪ್ಪನ್ನೂ ಜೊತೆಗೆ ತರುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಸೀಳುತ್ತದೆ. ಅದಕ್ಕೇ ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು ಅಲ್ವಾ? ನಮ್ಮ ಅಜ್ಜಿ ಮನೆಯ ನೆಲ ಗಾರೆಯದ್ದೇ, ಆದರೂ ಇದು ನನಗೆ ಹೊಳೆದಿರಲಿಲ್ಲ.

ಅವತ್ತಿನಿಂದ ಈ ಊರನ್ನು ನೋಡುವ ರೀತಿಯೇ ಬದಲಾಯಿತು. ಇದು ಸುಣ್ಣಕಲ್ಲಿನ ನಾಡು. 1849ರಲ್ಲಿ ತೆರೆದ ಕ್ವೀನ್ಸ್ ಕಾಲೇಜು, ವಾಸ್ತುಶಿಲ್ಪಿ ವಿಲಿಯಂ ಬರ್ಜಸ್ 1860ರ ದಶಕದಲ್ಲಿ ಕಟ್ಟಲು ಶುರು ಮಾಡಿದ ಸೇಂಟ್ ಫಿನ್ ಬಾರ್ ಕ್ಯಾಥೆಡ್ರಲ್, ಎರಡರ ಹೊರಗೋಡೆಯೂ ಆ ಬಿಳಿ ಕಲ್ಲಿನದೇ. ಅದೇ ಕಲ್ಲನ್ನು ಗೂಡಲ್ಲಿ ಸುಟ್ಟರೆ ಸುಣ್ಣ. ಗೋಡೆಗೂ ಗಾರೆಗೂ ಒಂದೇ ಕಲ್ಲು. ಎಷ್ಟು ಚಂದದ ಲೆಕ್ಕ!

ದುರಸ್ತಿ ಮಾತ್ರ ನಿಧಾನ. ಮೆಷಿನ್ ಹಾಕಿದರೆ ಇಟ್ಟಿಗೆಯ ಅಂಚು ಹಾರುತ್ತದೆ, ಹಾಗಾಗಿ ಉಳಿ ಸುತ್ತಿಗೆಯಲ್ಲೇ ಸಿಮೆಂಟು ಕೆತ್ತಿದೆವು. ನಾನು ನವೆಂಬರಿಗೆ ಹಾಕಿದ್ದ ಗಾರೆ ಕೆಲಸವನ್ನು ಮೇಸ್ತ್ರಿ ಏಪ್ರಿಲ್‌ಗೆ ತಳ್ಳಿದರು. ಹಸಿ ಸುಣ್ಣಕ್ಕೆ ಹಿಮ ಬಡಿದರೆ ಮುಗಿಯಿತು. ತುಂಬಿದ ಮೇಲೆ ಒದ್ದೆ ಗೋಣಿತಾಟು ಹೊದಿಸಿ, ಬಿಸಿಲು ಗಾಳಿಗೆ ಬೇಗ ಒಣಗದಂತೆ ಕಾದೆವು.

ಮುಖ ಉದುರಿದ ಇಟ್ಟಿಗೆಗಳನ್ನು ಬಿಡಿಸಿ, ತಿರುಗಿಸಿ ಕೂರಿಸಿದೆವು. ಅಷ್ಟು ವರ್ಷ ಗೋಡೆಯೊಳಗೆ ಅಡಗಿದ್ದ ಬದಿ ಹೊರಗೆ ಬಂತು. ಅದರ ಕೆಂಪು ಹಾಗೇ ಇತ್ತು.