ಬ್ಲೇಡಿನ ಹಿಂಬದಿ

ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ದುಂಡನೆಯ ಬ್ಲೇಡ್ ಮೇಲೆದ್ದಿರುವ ಯಂತ್ರದಲ್ಲಿ ಮರ ಸೀಳುವವರ ಕಣ್ಣು ಬ್ಲೇಡಿನ ಮುಂಭಾಗದಲ್ಲೇ ಇರುತ್ತದೆ. ಬೆರಳು ದೂರವಿದೆಯೇ, ಗೆರೆ ತಪ್ಪಿಲ್ಲವೇ ಎಂದು ನೋಡುತ್ತೇವೆ; ನೋಡಲೇಬೇಕು. ಆದರೆ ಬಾಗಿಲು, ಕಿಟಕಿ ಮಾಡುವ ನಮ್ಮ ಅಂಗಡಿಗೆ ಹೊಸ ಹುಡುಗರು ಸೇರಿದರೆ ನಾನು ಮೊದಲು ಯಂತ್ರದ ಪ್ಲಗ್ ತೆಗೆದು, ಅವರನ್ನು ಅದರ ಹಿಂದೆ ನಿಲ್ಲಿಸುತ್ತೇನೆ. ಬ್ಲೇಡನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ತೋರಿಸುತ್ತೇನೆ. ಮುಂದಿನ ಹಲ್ಲುಗಳು ಕೆಳಗಿಳಿಯುತ್ತವೆ, ಮರವನ್ನು ಮೇಜಿಗೆ ಒತ್ತುತ್ತವೆ. ಹಿಂದಿನವು ಮೇಲೇಳುತ್ತವೆ. ಸೀಳಿದ ಮರ ಆ ಹಿಂದಿನ ಹಲ್ಲುಗಳಿಗೆ ಸಿಕ್ಕಿತೆಂದರೆ, ಅವು ಅದನ್ನು ಎತ್ತಿ ಬ್ಲೇಡಿನ ಮೇಲಿಂದ ನಮ್ಮ ಹೊಟ್ಟೆಯ ಕಡೆಗೇ ಎಸೆಯುತ್ತವೆ. 10 ಅಂಗುಲದ ಬ್ಲೇಡ್ ನಿಮಿಷಕ್ಕೆ 2,880 ಸುತ್ತು ತಿರುಗುತ್ತಿದ್ದರೆ ಹಲ್ಲಿನ ತುದಿಯ ವೇಗ ಗಂಟೆಗೆ ಸುಮಾರು 138 ಕಿ.ಮೀ. ಮರದ ಜೊತೆ ಅದನ್ನು ಒತ್ತಿಕೊಂಡಿದ್ದ ಕೈಯೂ ಬ್ಲೇಡಿನ ಕಡೆಗೆ ಎಳೆದುಹೋಗಬಹುದು.

ಇದನ್ನು ತಡೆಯುವ ಕೆಲಸ ಸ್ವಿಚ್ ಹಾಕುವ ಮೊದಲೇ ಮುಗಿದಿರಬೇಕು. ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕುತ್ತೇನೆ. ಮರವನ್ನು ಅಡ್ಡ ಕೊಯ್ಯುವಾಗ ಆನಿಸಿ ತಳ್ಳುವ ಮೈಟರ್ ಗೇಜ್ ಓಡಲು ಮೇಜಿನಲ್ಲಿರುವ ಜಾಡಿನಿಂದ ಆ ಹಲ್ಲಿಗೆ ಮುಂಭಾಗದಲ್ಲಿ ಎಷ್ಟು ಅಂತರವಿದೆ ಎಂದು ಮೂಲೆಮಟ್ಟದಿಂದ ಅಳೆದು, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯುತ್ತೇನೆ. ಬೇರೆ ಹಲ್ಲನ್ನು ಹಿಡಿದರೆ ಬ್ಲೇಡಿನಲ್ಲೇ ಇರುವ ಸಣ್ಣ ಬಾಗು ಲೆಕ್ಕವನ್ನು ಕೆಡಿಸುತ್ತದೆ. ಎರಡು ಅಳತೆಗಳ ನಡುವೆ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೇಜಿನ ಕೆಳಗಿನ ಬೋಲ್ಟುಗಳನ್ನು ಸಡಿಲಿಸಿ ಸರಿಪಡಿಸುತ್ತೇನೆ. ಫೆನ್ಸಿನ, ಅಂದರೆ ಸೀಳುವಾಗ ಮರದ ಅಂಚು ಒರಗಿ ಸಾಗುವ ಉದ್ದನೆಯ ಆನಿಕೆಯ ಸರದಿ ಆಮೇಲಿನದು. ಅದನ್ನೂ ಅದೇ ಜಾಡಿಗೆ ಎರಡೂ ತುದಿಯಲ್ಲಿ ಅಳೆದು ಕೂಡಿಸಬೇಕು. ಟೇಪ್ ಹಿಡಿದು ಮುಂದಿನ ಹಲ್ಲಿನಿಂದ ಮಾತ್ರ ಅಳೆಯುವ ರೂಢಿ ಬಹಳ ಕಡೆ ಇದೆ. ಅದರಿಂದ ಅಗಲ ತಿಳಿಯುತ್ತದೆಯೇ ಹೊರತು ಫೆನ್ಸ್ ಹಿಂದೆ ಎತ್ತ ವಾಲಿದೆ ಎಂಬುದು ತಿಳಿಯುವುದಿಲ್ಲ. ಹಿಂತುದಿ ಬ್ಲೇಡಿನ ಕಡೆಗೆ ವಾಲಿದ್ದರೆ ಪಟ್ಟಿ ಎರಡರ ನಡುವೆ ಇರುಕುತ್ತದೆ. ಅದಕ್ಕೇ ನಾನು ಹಿಂತುದಿಯನ್ನು ಒಂದು ಕಾಗದದ ದಪ್ಪದಷ್ಟು ಹೊರಕ್ಕೆ ಬಿಟ್ಟಿರುತ್ತೇನೆ.

ಫೆನ್ಸ್ ಎಷ್ಟೇ ಸರಿಯಿದ್ದರೂ ಮರಕ್ಕೆ ತನ್ನದೇ ಸ್ವಭಾವವಿದೆ. ಅರೆಬರೆ ಒಣಗಿದ ಹಲಗೆಯನ್ನು ಸೀಳುತ್ತಿದ್ದಂತೆ ಒಳಗಿನ ಬಿಗಿ ಸಡಿಲಗೊಂಡು, ಸೀಳು ಹಿಂದೆ ಮುಚ್ಚಿಕೊಳ್ಳುತ್ತಾ ಬರುತ್ತದೆ. ಅಲ್ಲಿ ಕಾಪಾಡುವುದು ರೈವಿಂಗ್ ನೈಫ್, ಅಂದರೆ ಬ್ಲೇಡಿನ ಬೆನ್ನಿಗೇ ನಿಲ್ಲುವ ಉಕ್ಕಿನ ತಗಡು. ಅದು ಬ್ಲೇಡಿನ ತಟ್ಟೆಗಿಂತ, ಅಂದರೆ ಹಲ್ಲು ಬಿಟ್ಟು ಉಳಿದ ಭಾಗಕ್ಕಿಂತ ದಪ್ಪ, ಸೀಳಿನ ಅಗಲಕ್ಕಿಂತ ತೆಳು ಇರಬೇಕು. ಸೀಳು 3.2 ಮಿ.ಮೀ., ತಟ್ಟೆ 2.2 ಇದ್ದರೆ 2.5ರಿಂದ 2.8ರ ತಗಡು ಸರಿ. ಹಲ್ಲಿಗೂ ಅದಕ್ಕೂ 3ರಿಂದ 8 ಮಿ.ಮೀ. ಅಂತರ, ಎತ್ತರ ಬ್ಲೇಡಿನ ನೆತ್ತಿಗಿಂತ ತುಸು ಕೆಳಗೆ. ಕಬ್ಬಿಣದ ಆಂಗಲ್ ಬೆಸೆದು ಊರಲ್ಲೇ ಕಟ್ಟಿಸುವ ಯಂತ್ರಗಳಲ್ಲಿ ಹೆಚ್ಚಾಗಿ ಇದೊಂದೇ ಇರುವುದಿಲ್ಲ. ಮೋಟಾರಿಗೆ, ಬೆಲ್ಟಿಗೆ ದುಡ್ಡು ಸುರಿದು ಇದನ್ನು ಕೈಬಿಡುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಪ್ಲೈವುಡ್ಡಿನ ಅಡಿಗೆ ಮಾರ್ಬಲ್ ಕಟರನ್ನು ತಲೆಕೆಳಗಾಗಿ ಬಿಗಿದು ಮರ ಸೀಳುವುದನ್ನಂತೂ ಯಾರೂ ಮಾಡಬಾರದು.

ಹಸಿ ಉಳಿದಿರುವ ಮರಕ್ಕೆ ಇನ್ನೊಂದು ಉಪಾಯ ಉಂಟು. ಫೆನ್ಸಿಗೆ ಒಂದು ಗಿಡ್ಡ ಹಲಗೆಯನ್ನು ಕ್ಲಾಂಪ್ ಮಾಡಿ, ಅದು ಬ್ಲೇಡಿನ ಮಧ್ಯವನ್ನು ದಾಟದಂತೆ ನಿಲ್ಲಿಸಿ. ಅಲ್ಲಿಂದಾಚೆ ಸೀಳಿದ ಪಟ್ಟಿ ಪಕ್ಕಕ್ಕೆ ಬಿಚ್ಚಿಕೊಳ್ಳಲು ಜಾಗ ಸಿಗುತ್ತದೆ. ಡೊಂಕು ಅಂಚನ್ನು ಮಾತ್ರ ಯಾವ ಕಾರಣಕ್ಕೂ ಫೆನ್ಸಿಗೆ ಒರಗಿಸಬೇಡಿ, ಮೊದಲು ಉಜ್ಜಿ ನೇರ ಮಾಡಿಕೊಳ್ಳಿ.

ಉದ್ದ ಸೀಳಲು 24 ಹಲ್ಲಿನ ಬ್ಲೇಡ್ ಸಾಕು. ಹಲ್ಲು ಹೆಚ್ಚಿದಷ್ಟೂ ನಯ ಎಂದು 80 ಹಲ್ಲಿನದನ್ನು ಹಾಕಿದರೆ ಉದ್ದನೆಯ ಸಿಬಿರು ತುಂಬಿಕೊಂಡು ಮರ ಸುಡುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಅದನ್ನು ಸೀಳುವವರು ಸಾಣೆ ಹಿಡಿಸುವುದನ್ನು ಮುಂದೂಡಬಾರದು. ಬ್ಲೇಡನ್ನು ಮರದ ಮೇಲೆ ಹಲ್ಲಿನ ಎತ್ತರದಷ್ಟು ಮಾತ್ರ ಕಾಣುವಂತೆ ಇಡುತ್ತೇನೆ.

ಸೀಳಿದ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಿಲ್ಲಿನಂಥ ಗೀರುಗಳೆಲ್ಲ ಒಂದೇ ದಿಕ್ಕಿಗೆ ಬಾಗಿದ್ದರೆ ಯಂತ್ರ ಸರಿಯಿದೆ. ಗೀರುಗಳು ಒಂದನ್ನೊಂದು ಕತ್ತರಿಸಿದ್ದರೆ ಹಿಂದಿನ ಹಲ್ಲುಗಳೂ ಮರವನ್ನು ಕೆರೆಯುತ್ತಿವೆ ಎಂದರ್ಥ. ಅಂಥ ಮುಖ ಒರಟಾಗಿರುತ್ತದೆ, ಒಮ್ಮೊಮ್ಮೆ ಸುಟ್ಟಿರುತ್ತದೆ. ಅಲ್ಲಿಗೆ ಕೆಲಸ ನಿಲ್ಲಿಸಿ ಮತ್ತೆ ಅಳೆಯುವುದೇ ಸರಿ. ಒರಟನ್ನು ಮರಳುಕಾಗದದಲ್ಲಿ ಉಜ್ಜಿ ಮರೆಸಬಹುದು, ಆದರೆ ಮರ ಹಿಂದಕ್ಕೆ ಚಿಮ್ಮುವ ಅಪಾಯ ಹಾಗೇ ಉಳಿದಿರುತ್ತದೆ.

ನಿಲ್ಲುವುದು ಬ್ಲೇಡಿನ ಸಾಲಿನಲ್ಲಲ್ಲ, ಪಕ್ಕದಲ್ಲಿ. ಕೈಗವಸು ಬೇಡ. ಬ್ಲೇಡಿಗೂ ಫೆನ್ಸಿಗೂ ನಡುವಿನ ಪಟ್ಟಿಯನ್ನು ತಳ್ಳುಕೋಲಿನಿಂದ ಬ್ಲೇಡ್ ಪೂರ್ತಿ ದಾಟುವವರೆಗೆ ತಳ್ಳಬೇಕು, ಅರ್ಧದಲ್ಲಿ ಬಿಡುವಂತಿಲ್ಲ. ಆಚೆ ಬಿದ್ದ ತುಂಡನ್ನು ಬ್ಲೇಡ್ ನಿಂತ ಮೇಲೆಯೇ ಮುಟ್ಟಬೇಕು.

ನಮ್ಮ ಊರುಗಳಿಗೆ ಮುಖ್ಯವಾದ ಇನ್ನೊಂದು ವಿಷಯ ಕರೆಂಟ್. ಮರ ಅರ್ಧ ಸೀಳಿರುವಾಗ ಹೋಗುತ್ತದೆ, ಯಾರೋ ಮರ ಬಿಡಿಸಲು ಕೈ ಹಾಕಿರುವಾಗ ಬರುತ್ತದೆ. ಬರೀ ಮನೆಯ ಸ್ವಿಚ್ಚಿನಂಥದ್ದು ಹಾಕಿದ್ದರೆ ಬ್ಲೇಡ್ ತಾನಾಗಿ ತಿರುಗಲು ಶುರುವಾಗುತ್ತದೆ. ಹಸಿರು, ಕೆಂಪು ಗುಂಡಿಗಳ ಸ್ಟಾರ್ಟರ್‌ನಲ್ಲಿ ನೋ-ವೋಲ್ಟ್ ಕಾಯಿಲ್ ಇದ್ದರೆ ಹಸಿರು ಗುಂಡಿ ಮತ್ತೆ ಒತ್ತುವವರೆಗೂ ಮೋಟಾರ್ ಏಳುವುದಿಲ್ಲ. ನಿಮ್ಮ ಯಂತ್ರದಲ್ಲಿ ಯಾವುದಿದೆ ಎಂದು ಇವತ್ತೇ ನೋಡಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಮೋಟಾರಿನ ಎಚ್.ಪಿ. ಎಷ್ಟೆಂದು ಹೇಳಿ, ಅದಕ್ಕೆ ಹೊಂದುವ ಸ್ಟಾರ್ಟರ್ ಹಾಕಿಸಿಕೊಳ್ಳಿ.